ಎಡಗಡೆಯ ಹಿಂದಿನ ಬಾಗಿಲು

ಮೊಣಕೈವರೆಗೂ ಒಳಗೆ ಹೋದ ಮೇಲೆ ಕೈ ತನ್ನದಲ್ಲವೇನೋ ಅನ್ನಿಸತೊಡಗಿತು ರಂಜಿನಿಗೆ. ಅಂಬಾಸಿಡರ್ ಕಾರಿನ ಬಾಗಿಲಿಗೆ ಒಳಗಿನಿಂದ ಹೊದೆಸಿದ್ದ ರಟ್ಟನ್ನು ಬಿಚ್ಚಿ ಗೋಡೆಗೆ ಒರಗಿಸಿಟ್ಟಿತ್ತು. ಅದರ ಹಿಂದಿನ ತಗಡಿನಲ್ಲಿ ಒಂದು ಕಿಂಡಿ. ಆ ಕಿಂಡಿಯಿಂದ ಕೈ ತೂರಿಸಿ, ಕಣ್ಣಿಗೆ ಏನೂ ಕಾಣದಿದ್ದರೂ ಬೆರಳಿನಿಂದಲೇ ನೋಡುತ್ತ, ಗಾಜನ್ನು ಎತ್ತಿ ಇಳಿಸುವ ಕಬ್ಬಿಣದ ತೋಳು ಎಲ್ಲಿದೆ, ಅದರ ತುದಿಯ ಗಾಲಿ ಯಾವ ಪಟ್ಟಿಯೊಳಗೆ ಓಡುತ್ತದೆ, ಹಿಡಿಕೆಯ ಜೊತೆ ತಿರುಗುವ ಹಲ್ಲುಚಕ್ರ ಎಲ್ಲಿದೆ ಎಂದು ಒಂದೊಂದನ್ನೇ ಗುರುತು ಹಿಡಿಯಬೇಕು. ಅಲ್ಲಿ ಅಂಟಿಕೊಂಡಿರುವ ಹಳೆಯ ಗ್ರೀಸನ್ನು ಉಗುರಿನಿಂದ, ಬಟ್ಟೆಯಿಂದ ಕೆರೆದು ತೆಗೆದು, ಹೊಸ ಬಿಳಿ ಗ್ರೀಸನ್ನು ತೆಳ್ಳಗೆ ಸವರಬೇಕು. ಮಲ್ಲಿಕ್‌ನ ಕೈ ಆ ಕಿಂಡಿಯಲ್ಲಿ ಹೋಗುತ್ತಿರಲಿಲ್ಲ, ಮಣಿಕಟ್ಟಿನ ಮೂಳೆ ತಡೆಯುತ್ತಿತ್ತು. "ನಿನ್ನ ಕೈ ಸಣ್ಣದು ಕಣೇ, ನೀನೇ ಹಾಕು" ಎಂದು ನಿನ್ನೆ ಅವನು ಕರೆದಾಗ ಅವಳಿಗೆ ಸಂತೋಷವೇ ಆಗಿತ್ತು. ಈ ಮನೆಯಲ್ಲಿ ತನ್ನ ಕೈಯನ್ನು ಹೊಗಳಿದ್ದು ಅಪರೂಪ.

"ಹಲ್ಲಿಗೆ, ಗಾಲಿಗೆ, ಪಟ್ಟಿಗೆ. ಅಷ್ಟೇ," ಮಲ್ಲಿಕ್ ಫೋನಿನಲ್ಲಿ ವಿಡಿಯೋ ನಿಲ್ಲಿಸಿಕೊಂಡು ಹೇಳುತ್ತಿದ್ದ. "ಗಾಜಿನ ಪಕ್ಕ ಬಟ್ಟೆ ತರ ಇದೆಯಲ್ಲ, ಫೆಲ್ಟು, ಅದಕ್ಕೆ ಗ್ರೀಸ್ ತಾಗ್ಬಾರ್ದು ಮಾರಾಯ್ತಿ. ಅದಕ್ಕೆ ಬೇರೆ ಸ್ಪ್ರೇ ಇದೆ. ಗ್ರೀಸ್ ತಾಗಿದ್ರೆ ಧೂಳು ಹಿಡಿದು ಗಾಜು ಕಚ್ಕೊಳ್ಳುತ್ತೆ. ನಮ್ಮ ಕಾರಿಗೆ ಆಗಿರೋದೇ ಅದು."

ಹೂಂ ಅಂದಳು. ಬೆರಳಿಗೆ ಮತ್ತೆ ಅದೇ ಹಳೆಯ ಗ್ರೀಸು ಸಿಕ್ಕಿತ್ತು. ಇದು ಮೂರನೆಯ ಬಾಗಿಲು, ಮುಂದಿನ ಎಡಗಡೆಯದು. ಬಲಗಡೆಯ ಎರಡರಲ್ಲೂ ಅದೇ ಇತ್ತು. ಕರಗಿ ಮತ್ತೆ ಗಟ್ಟಿಯಾದ ಬೆಲ್ಲದ ಹಾಗೆ, ಮುಟ್ಟಿದರೆ ಮೇಲೆ ಒರಟು, ಉಗುರು ಒತ್ತಿದರೆ ಒಳಗೆ ಇನ್ನೂ ಸ್ವಲ್ಪ ಜಿಗುಟು. ನಿನ್ನೆ ಮೊದಲ ಬಾಗಿಲಿನಿಂದ ಒಂದು ಉಂಡೆ ಕಿತ್ತು ಹೊರಗೆ ತೆಗೆದಾಗ ಬೆಳಕಿನಲ್ಲಿ ಅದು ಕಪ್ಪಗೆ ಹೊಳೆದಿತ್ತು. ಮಲ್ಲಿಕ್ ಮೂಗು ಮುರಿದಿದ್ದ. "ಯಾವ ದಡ್ಡ ನನ್ಮಗ ತುಂಬಿದ್ದು ಇದನ್ನ? ಡಾಂಬರು ಹಾಕಿದಾನಲ್ಲ!" ಆಗ ಅವಳ ಬಾಯಿಂದ ಯೋಚನೆಗೂ ಮೊದಲೇ ಮಾತು ಹೊರಟುಬಿಟ್ಟಿತ್ತು. "ಕೋಟೆ ಹತ್ರ ಒಬ್ಬ ಮೆಕ್ಯಾನಿಕ್ ಇದ್ನಲ್ಲ, ಅವನಿರ್ಬೇಕು." ಅಂಥ ಮೆಕ್ಯಾನಿಕ್ ಒಬ್ಬ ಇದ್ದನೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಮಲ್ಲಿಕ್ ಕೇಳಲೂ ಇಲ್ಲ. ಸುಳ್ಳು ಇಷ್ಟು ಸಲೀಸಾಗಿ, ಗ್ರೀಸು ಹಚ್ಚಿದ ಗಾಜಿನ ಹಾಗೆ ಜಾರಿಕೊಂಡು ಬಂತಲ್ಲ ಎಂಬುದೇ ಅವಳನ್ನು ಆಮೇಲೆ ಕುಟುಕಿದ್ದು. ಒಂದು ದಿನವಾದರೂ ಅಭ್ಯಾಸ ಮಾಡಿದ ಮಾತಲ್ಲ ಅದು. ಅಥವಾ ಮದುವೆಯಾದಂದಿನಿಂದ ಅಭ್ಯಾಸವಾದದ್ದೇ ಅದೋ.

ಮದುವೆಯ ದಿನ ಇದೇ ಕಾರು ಭದ್ರಾವತಿಗೆ ಬಂದಿತ್ತು. ಕಾರ್ಖಾನೆಯ ಕ್ವಾರ್ಟರ್ಸಿನ ಬೀದಿಯಲ್ಲಿ ಕಾರು ನಿಂತಾಗ ಮನೆಮನೆಯವರೂ ಹೊರಗೆ ಬಂದಿದ್ದರು. ಅಕ್ಕಪಕ್ಕದ ತಮಿಳು ಹೆಂಗಸರು ಅವಳ ದೃಷ್ಟಿ ತೆಗೆದಿದ್ದರು. ಕಾಲೇಜಿನಲ್ಲಿ ಮಲ್ಲಿಕ್‌ನನ್ನು ನೀನು ಅನ್ನುತ್ತಿದ್ದವಳು ಆ ಬೆಳಿಗ್ಗೆಯಿಂದ ನೀವು ಅನ್ನತೊಡಗಿದ್ದಳು. ಉಚ್ಚಂಗಮ್ಮ ಎಂಬ ಅವಳ ತವರಿನ ಹೆಸರು ಮನೆಯ ಸೊಸೆಗೆ ಚೆನ್ನಾಗಿರುವುದಿಲ್ಲವೆಂದು ಅತ್ತೆ ಅಕ್ಕಿಯ ಮೇಲೆ ರಂಜಿನಿ ಎಂದು ಬರೆಸಿದ್ದರು. ಜಾತಿ ಬೇರೆಯಾದರೂ ಮಾವ ಶಿವಯೋಗಪ್ಪನವರು ಒಂದು ಕಟುಮಾತೂ ಆಡಿರಲಿಲ್ಲ. ಗಾಂಧಿಬಜಾರಿನ ಜವಳಿ ಅಂಗಡಿಯ ದೊಡ್ಡ ಮನುಷ್ಯರು, ಆಡದೆಯೇ ಎಲ್ಲ ತಿಳಿಯುವಂತಿದ್ದರು. ಹಿಂದಿನ ಸೀಟಿನ ಎಡಗಡೆಯಲ್ಲಿ ಅವಳು, ಪಕ್ಕದಲ್ಲಿ ಮಲ್ಲಿಕ್‌ನ ಅಕ್ಕ ಸರಸ್ವತಿ. ಊರು ದಾಟುತ್ತಲೇ ರಸ್ತೆಯ ಧೂಳು ಒಳಗೆ ನುಗ್ಗಿದ್ದರಿಂದ ಗಾಜು ಏರಿಸೋಣವೆಂದು ಹಿಡಿಕೆ ತಿರುಗಿಸಿದಳು. ಬಿಗಿಯಾಗಿತ್ತು. ಇನ್ನಷ್ಟು ಬಲ ಹಾಕಿದಳು. ಹಿಡಿಕೆ ಕೈಯಲ್ಲೇ ಬಂತು. ಎಷ್ಟು ಹೊತ್ತು ಅದನ್ನು ಸೀರೆಯ ಮಡಿಲಿನಲ್ಲಿ ಬಚ್ಚಿಟ್ಟುಕೊಂಡಿದ್ದಳೋ. ಕೊನೆಗೆ ಸರಸ್ವತಿ ಅತ್ತಿಗೆ ನೋಡಿ, "ಅಯ್ಯೋ, ಕಿತ್ತೇಬಿಟ್ಲಲ್ರೋ! ಭದ್ರಾವತಿ ಕೈ ಅಂದ್ರೆ ಕಬ್ಬಿಣದ ಕೈ ಮಾರಾಯ್ತಿ!" ಎಂದು ನಕ್ಕಳು. ಮುಂದಿನ ಸೀಟಿನಿಂದ ಮಾವನವರು ಹಿಂದೆ ತಿರುಗದೆ ಕೈಯೊಂದನ್ನೇ ಚಾಚಿದರು. ಅವಳು ಹಿಡಿಕೆಯನ್ನು ಆ ಕೈಯಲ್ಲಿಟ್ಟಳು. ಅದು ಜುಬ್ಬದ ಜೇಬಿಗೆ ಹೋಯಿತು. ಆಮೇಲೆ ಈ ಮನೆಯಲ್ಲಿ ಲೋಟ ಜಾರಿದರೂ, ನಲ್ಲಿ ಸೋರಿದರೂ, ಮಗುವಿನ ಆಟದ ಸಾಮಾನು ಮುರಿದರೂ ಭದ್ರಾವತಿ ಕೈ. ಎಲ್ಲರಿಗಿಂತ ಮೊದಲು ಅವಳೇ ನಗುವುದನ್ನು ಕಲಿತಿದ್ದಳು.

"ನಿಮ್ಮಪ್ಪ ಬಂದ್ರು ನೋಡು," ಅಂದ ಮಲ್ಲಿಕ್.

ಗೇಟಿನ ಬಳಿ ಅವಳ ತಮ್ಮ ಹಾಲೇಶ್ ಬೈಕು ನಿಲ್ಲಿಸಿ ಅಪ್ಪನನ್ನು ಇಳಿಸುತ್ತಿದ್ದ. ಕಣ್ಣಿನ ಆಪರೇಷನ್ ಆದ ಮೇಲೆ ಡಾಕ್ಟರು ಮತ್ತೆ ತೋರಿಸಲು ಹೇಳಿದ್ದರು. ಹಾಲೇಶ್ ಆಸ್ಪತ್ರೆಗೆ ಹೋಗಿ ಚೀಟಿ ಮಾಡಿಸಿ ಬರುವವರೆಗೆ ಅಪ್ಪ ಇಲ್ಲೇ ಕೂತಿರುವುದೆಂದು ಬೆಳಿಗ್ಗೆ ಫೋನಿನಲ್ಲಿ ಮಾತಾಗಿತ್ತು. ಅವಳು ಮರೆತಿರಲಿಲ್ಲ. ಅಪ್ಪ ಬರುವುದರೊಳಗೆ ಈ ಬಾಗಿಲು ಮುಗಿಸಿ ರಟ್ಟು ಮುಚ್ಚಿಬಿಡಬೇಕೆಂದೇ ಕಾಫಿಯನ್ನೂ ಕುಡಿಯದೆ ಕೈ ಹಾಕಿದ್ದಳು. ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು, ಬಿಳಿ ಪಂಚೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಶೆಡ್ಡಿನ ಬಾಗಿಲಲ್ಲಿ ನಿಂತು ಕತ್ತಲೆಗೆ ಕಣ್ಣು ಹೊಂದಿಸಿಕೊಳ್ಳುತ್ತಿದ್ದ.

"ಬನ್ನಿ ಮಾವ, ಕೂತ್ಕೊಳ್ಳಿ. ಗುರುತು ಸಿಕ್ತಾ ನಿಮ್ಮ ಮಗಳು ಬಂದ ಕಾರು?"

"ಸಿಗದೆ ಏನು ಅಳಿಯಂದ್ರೆ," ಅಂದ ಅಪ್ಪ. ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ, ಯಾವಾಗ ಬೇಕಾದರೂ ಏಳುವವನ ಹಾಗೆ ಕೂತ. "ಬಣ್ಣ ಹೊಡೆಸಿದೀರಿ."

"ಬಣ್ಣ ಆಯ್ತು, ಇಂಜಿನ್ ಆಯ್ತು, ಸೀಟ್ ಆಯ್ತು. ಈ ಗಾಜುಗಳದೇ ಗೋಳು. ಭಾನುವಾರ ಕೋಟೆ ದೇವಸ್ಥಾನದ ಮುಂದೆ ಪೂಜೆ, ಅಲ್ಲಿಂದ ಹಳೇ ಕಾರುಗಳೆಲ್ಲ ಸಾಲಾಗಿ ಸಕ್ರೆಬೈಲಿಗೆ. ನಮ್ಮ ಅಕ್ಕ ಕುಂಸಿಯಿಂದ ಬರ್ತಾಳೆ. ಅಷ್ಟರೊಳಗೆ ನಾಲ್ಕೂ ಗಾಜು ಬೆಣ್ಣೆ ತರ ಇಳೀಬೇಕು." ಮಲ್ಲಿಕ್ ಒಳಗೆ ಹೊರಟವನು ತಿರುಗಿ, "ನೀನು ಕಾಫಿ ಮಾಡ್ತೀಯೋ, ನಾನು ಮಾಡ್ಲೋ?" ಅಂದ.

"ನೀವೇ ಮಾಡಿ. ನನ್ನ ಕೈಯೆಲ್ಲ ಗ್ರೀಸಾಗಿದೆ," ಅಂದಳು.

ಹಿಂದೊಂದು ದಿನ ಹೀಗೇ ಕೈಯೆಲ್ಲ ಹಿಟ್ಟಾಗಿದೆ ಅಂದಿದ್ದಳು. ಅಡುಗೆಮನೆಯಲ್ಲಿ ನಿಂತು, ಹಿಟ್ಟಿನ ಡಬ್ಬಿಗೆ ಕೈ ಹಾಕಿ, ಬೇಕೆಂದೇ ಎರಡೂ ಕೈಗೆ ಹಿಟ್ಟು ಮೆತ್ತಿಕೊಂಡು, ಅತ್ತೆಗೆ ತೋರಿಸಿದ್ದಳು. ಮದುವೆಯಾಗಿ ತಿಂಗಳಾಗಿತ್ತೋ ಏನೋ. ಮಲ್ಲಿಕ್ ಬಟ್ಟೆ ಖರೀದಿಗೆಂದು ಊರಿನಲ್ಲಿರಲಿಲ್ಲ. ವಾರದ ರಜೆಯ ದಿನ ಅಪ್ಪ ಹೇಳದೆ ಕೇಳದೆ ಭದ್ರಾವತಿಯಿಂದ ಬಸ್ಸು ಹತ್ತಿ ಬಂದುಬಿಟ್ಟಿದ್ದ. ಕಂಕುಳಲ್ಲಿ ಗ್ರೀಸು ತುಂಬಿದ ಒಂದು ಡಾಲ್ಡಾ ಡಬ್ಬಿ. ಮಗಳ ಕೈಯಲ್ಲಿ ಬೀಗರ ಕಾರಿನ ಹಿಡಿಕೆ ಕಿತ್ತುಬಂದ ಸುದ್ದಿ ಯಾರಿಂದಲೋ ಅವನಿಗೆ ತಲುಪಿತ್ತು. ಅಂಗಳದಲ್ಲಿ ನಿಂತು ಮಾವನವರಿಗೆ ಕೈಮುಗಿದು, "ನಮ್ಮ ಹುಡುಗಿಯಿಂದ ತಪ್ಪಾಯ್ತು ಬುದ್ಧಿ, ನಾನು ಸರಿ ಮಾಡಿ ಕೊಟ್ಟು ಹೋಗ್ತೀನಿ" ಅಂದಿದ್ದ. ಆ ಬುದ್ಧಿ ಎಂಬ ಮಾತು ಅಡುಗೆಮನೆಯವರೆಗೂ ಕೇಳಿತ್ತು. ಬೀಗರಾದವರು ಒಬ್ಬರನ್ನೊಬ್ಬರು ಹಾಗೆ ಕರೆಯುತ್ತಾರೆಯೆ? ಯಾರು ಹೇಳಿದ್ದರು ಹಾಗೆ ಕರೆಯಲು? ಅಪ್ಪ ಅಂಗಿ ಬಿಚ್ಚಿಟ್ಟು, ಬನಿಯನ್ನಿನಲ್ಲಿ, ಬಿಸಿಲಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಒಂದರ ನಂತರ ಒಂದರಂತೆ ನಾಲ್ಕೂ ಬಾಗಿಲು ಬಿಚ್ಚಿದ್ದ. ದಾರಿಯಲ್ಲಿ ಹೋಗುವವರು ನೋಡುತ್ತಿದ್ದರು. ಪಕ್ಕದ ಮನೆಯ ಕಲ್ಲಮ್ಮನವರು ಕಾಂಪೌಂಡಿನ ಮೇಲಿಂದ, "ಯಾರ್ರೀ ಅದು, ಮೆಕ್ಯಾನಿಕ್ಕಾ?" ಎಂದು ಕೇಳಿದ್ದರು. ಕಿಟಕಿಯ ಹತ್ತಿರವೇ ಇದ್ದ ರಂಜಿನಿ ಉತ್ತರ ಕೊಟ್ಟಿರಲಿಲ್ಲ. ಇಲ್ಲ ಅನ್ನಲೂ ಇಲ್ಲ, ಹೌದು ಅನ್ನಲೂ ಇಲ್ಲ. ಕಾಫಿ ತೆಗೆದುಕೊಂಡು ಹೋಗು ನಿಮ್ಮಪ್ಪನಿಗೆ ಎಂದು ಅತ್ತೆ ಅಂದಾಗ ಕೈಗಳನ್ನು ಎತ್ತಿ ತೋರಿಸಿದ್ದಳು. ಕಾಫಿ ಕೆಲಸದವಳ ಕೈಯಲ್ಲಿ ಹೋಯಿತು. ಅಪ್ಪ ಲೋಟ ತೆಗೆದುಕೊಳ್ಳುತ್ತ ಆ ಹೆಂಗಸಿನ ಹಿಂದೆ ಬಾಗಿಲ ಕಡೆ ನೋಡಿದ್ದು ಅವಳಿಗೆ ಕಂಡಿತ್ತು.

ಈಗ ಲೋಟ ಮಲ್ಲಿಕ್‌ನ ಕೈಯಲ್ಲಿ ಬಂತು. ಅಪ್ಪ ಎದ್ದು ನಿಂತು ಎರಡೂ ಕೈಯಲ್ಲಿ ತೆಗೆದುಕೊಂಡ. ಕೊಟ್ಟವನು ಅಳಿಯನಾದರೂ ಎದ್ದೇ ತೆಗೆದುಕೊಂಡ. ಅವಳು ಇನ್ನಷ್ಟು ಬಗ್ಗಿ, ಕೆನ್ನೆಯನ್ನು ತಣ್ಣಗಿನ ತಗಡಿಗೆ ಒತ್ತಿದಳು. ಭುಜದವರೆಗೂ ಒಳಗೆ ಹೋಗುವಂತಿದ್ದರೆ ಹೋಗಿಬಿಡುತ್ತಿದ್ದಳು.

"ಮಾವ, ನೀವು ಕಾರ್ಖಾನೇಲಿ ಕ್ರೇನ್ ಆಯಿಲಿಂಗ್ ಮಾಡ್ತಿದ್ದೋರಲ್ವಾ? ಇದೇನು ನೋಡಿ ಹೇಳಿ." ಮಲ್ಲಿಕ್ ಪೇಪರಿನ ಚೂರಿನ ಮೇಲೆ ಕಪ್ಪು ಉಂಡೆಯನ್ನಿಟ್ಟು ಅಪ್ಪನ ಮುಂದೆ ಹಿಡಿದ. ಮಲ್ಲಿಕ್‌ಗೆ ಏನೂ ಗೊತ್ತಿರಲಿಲ್ಲ. ಅಂದು ಅಪ್ಪ ಬಂದು ಹೋದದ್ದನ್ನು ಅತ್ತೆಯಾಗಲಿ ಮಾವನವರಾಗಲಿ ಮಗನಿಗೆ ಹೇಳಿರಲಿಲ್ಲ. ಮಾವನವರು ಗಾಜುಗಳನ್ನು ಒಮ್ಮೆ ಇಳಿಸಿ ಏರಿಸಿ ನೋಡಿ, ಪರವಾಗಿಲ್ಲ ಎಂದಿದ್ದರು, ಅಷ್ಟೆ. ಅವಳಂತೂ ಹೇಳಿರಲಿಲ್ಲ. "ಕೋಟೆ ಹತ್ರದ ಯಾವನೋ ಮೆಕ್ಯಾನಿಕ್ ಹಾಕಿದ್ದು ಅಂತಾಳೆ ನಿಮ್ಮ ಮಗಳು. ನಾಲ್ಕೂ ಬಾಗಿಲಿಗೆ, ಫೆಲ್ಟಿಗೂ ಸೇರಿಸಿ ಮೆತ್ತಿದಾನೆ ಪುಣ್ಯಾತ್ಮ."

ಬಾಗಿಲಿನೊಳಗೆ ಅವಳ ಬೆರಳುಗಳು ನಿಂತವು.

ಅಪ್ಪ ಕನ್ನಡಕ ತೆಗೆದ. ಉಂಡೆಯನ್ನು ಕಣ್ಣಿನ ಹತ್ತಿರ ತರಲಿಲ್ಲ, ಮೂಗಿನ ಹತ್ತಿರ ತಂದ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು ನಿಧಾನಕ್ಕೆ ಹೊಸಕಿದ. "ಕ್ರೇನಿನ ಹಲ್ಲಿಗೆ ಹಾಕೋದು ಅಳಿಯಂದ್ರೆ. ಅಲ್ಲಿ ಕಾವು ಇರ್ತದೆ, ದಿನಾ ಓಡ್ತಿರ್ತದೆ, ಅದಕ್ಕೆ ಇದು ಕೂರ್ತದೆ. ನಿಂತ ಗಾಡಿಗಲ್ಲ."

"ಅಲ್ಲಾ, ಕ್ರೇನಿನ ಗ್ರೀಸು ಕೋಟೆ ಮೆಕ್ಯಾನಿಕ್ಕಿಗೆ ಎಲ್ಲಿ ಸಿಕ್ತು?"

ಈಗ ಹೇಳಬಹುದಾಗಿತ್ತು. ಅಪ್ಪ ಕೂಡ ಒಂದು ಕ್ಷಣ ಸುಮ್ಮನಿದ್ದ. ಆ ಮೌನ ತನಗಾಗಿ ಬಿಟ್ಟದ್ದು ಎಂದು ಅವಳಿಗೆ ತಗಡಿಗೊತ್ತಿದ ಕೆನ್ನೆಯಿಂದಲೇ ತಿಳಿಯಿತು. ಬಸ್ಸಿನಲ್ಲಿ ಯಾರೋ ಪಕ್ಕಕ್ಕೆ ಸರಿದು ಜಾಗ ಬಿಟ್ಟ ಹಾಗೆ. ಅವಳು ಕೂರಲಿಲ್ಲ. ಹಲ್ಲುಚಕ್ರದ ಒಂದು ಹಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಸಿಗ್ತದೆ," ಅಂದ ಅಪ್ಪ. "ಆಗ ಅಲ್ಲಿಂದ ಏನೇನೋ ಹೊರಗೆ ಬರ್ತಿತ್ತು. ಕದ್ದು ತರೋರು ಇದ್ರು."

ಕಾರ್ಖಾನೆಯಿಂದ ಒಂದು ಮೊಳೆಯನ್ನೂ ಮನೆಗೆ ತಂದವನಲ್ಲ ಅವನು. ಕೈ ಒರೆಸುವ ಬಟ್ಟೆ ಜೇಬಿನಲ್ಲಿ ಉಳಿದುಕೊಂಡು ಬಂದರೆ ಮರುದಿನ ಒಗೆಸಿ ವಾಪಸು ತೆಗೆದುಕೊಂಡು ಹೋಗುತ್ತಿದ್ದ. ಅಮ್ಮ ಅದಕ್ಕೇ ರೇಗಿಸುತ್ತಿದ್ದಳು, ಹರಿಶ್ಚಂದ್ರನ ಮೊಮ್ಮಗ ಎಂದು. ಅಂಥವನು ಆ ಡಾಲ್ಡಾ ಡಬ್ಬಿಯನ್ನು ಊಟದ ಚೀಲದೊಳಗೆ, ಗೇಟಿನ ಕಾವಲುಗಾರರ ಮುಂದೆ ಹೇಗೆ ದಾಟಿಸಿರಬಹುದು ಎಂದು ಅವಳು ಇಷ್ಟು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. ಅವನಿಗೆ ಗೊತ್ತಿದ್ದ ಗ್ರೀಸು ಅದೊಂದೇ. ಇಪ್ಪತ್ತು ಟನ್ನು ಎತ್ತುವ ಕ್ರೇನನ್ನು ಓಡಿಸುವ ಗ್ರೀಸಿಗೆ ಒಂದು ಗಾಜು ಯಾವ ಲೆಕ್ಕ ಅಂದುಕೊಂಡಿದ್ದ. ಮಗಳ ಮಾನಕ್ಕೆ ಇದ್ದುದರಲ್ಲಿ ಗಟ್ಟಿಯಾದದ್ದನ್ನೇ ತಂದಿದ್ದ.

"ಸೀಮೆಎಣ್ಣೆ ಹಾಕಿದ್ರೆ ಬಿಡುತ್ತಾ?" ಅಂದಳು, ಬಾಗಿಲಿನೊಳಗಿನಿಂದಲೇ. ಅಪ್ಪ ಎಂದು ಕರೆಯಲಿಲ್ಲ. ಯಾರೋ ಅಂಗಡಿಯವನನ್ನು ಕೇಳಿದ ಹಾಗಿತ್ತು ದನಿ.

"ಬಿಡ್ತದೆ ಮಗಾ. ಸ್ವಲ್ಪ ನೆನೀಬೇಕು." ಈ ಮನೆಗೆ ಬಂದಾಗ ಅವನು ಯಾವ ಹೆಸರನ್ನೂ ಹಿಡಿಯುತ್ತಿರಲಿಲ್ಲ. ಹಳೆಯದನ್ನು ಕರೆದರೆ ಅವಳಿಗೆ ಇರಿಸುಮುರಿಸು, ಹೊಸದು ಅವನ ನಾಲಿಗೆಗೆ ಹೊರಳದು.

ಮಲ್ಲಿಕ್ ಉಂಡೆಯ ಫೋಟೋ ತೆಗೆದು ಮನೆಯವರ ಗ್ರೂಪಿಗೆ ಹಾಕಿದ. ಕೆಲವೇ ಹೊತ್ತಿನಲ್ಲಿ ಫೋನು ಟುಣ್ ಟುಣ್ ಅನ್ನತೊಡಗಿತು. ಅವನು ಓದಿ ಓದಿ ನಗುತ್ತಿದ್ದ. ಚಿಕ್ಕಪ್ಪನ ಮಗ ಮಧು, ಹಾಕಿದವನನ್ನು ಹುಡುಕಿಸಿ ಭಾನುವಾರ ಶಾಲು ಹೊದಿಸೋಣ ಎಂದು ಬರೆದಿದ್ದ. "ಕೇಳಿ ಮಾವ," ಎಂದು ಮಲ್ಲಿಕ್ ಓದಿ ಹೇಳಿದ. ಅಪ್ಪ ನಕ್ಕ. ಅದು ಅವಳಿಗೆ ಚೆನ್ನಾಗಿ ಗೊತ್ತಿದ್ದ ನಗು. ಎಲ್ಲರಿಗಿಂತ ಮೊದಲು ನಗುವವರ ನಗು. ಅದನ್ನು ತಾನು ಈ ಮನೆಗೆ ಬಂದ ಮೇಲೆ ಕಲಿತದ್ದೆಂದು ಅಂದುಕೊಂಡಿದ್ದಳು. ಬರುವಾಗಲೇ ತಂದಿದ್ದಳು.

ಆಮೇಲೆ ಸರಸ್ವತಿ ಅತ್ತಿಗೆಯ ದನಿ ಫೋನಿನಿಂದ ಶೆಡ್ಡಿನ ತುಂಬ ಮೊಳಗಿತು. "ಯಾವ ಮೆಕ್ಯಾನಿಕ್ಕೂ ಅಲ್ಲ ಕಣೋ ಮಲ್ಲಿ! ನಿನ್ನ ಹೆಂಡ್ತೀನೇ ಇರ್ಬೇಕು! ಭದ್ರಾವತಿ ಕೈ ಮುಟ್ಟಿದ್ಮೇಲೆ ಕೇಳ್ಬೇಕಾ? ಭಾನುವಾರ ನಾನು ನನ್ನ ಜಾಗದಲ್ಲೇ ಕೂರೋಳು, ಹಿಂದೆ ಎಡಗಡೆ, ಹೇಳಿರ್ತೀನಿ. ಗಾಜು ಇಳೀದಿದ್ರೆ ನಿಮ್ಮಿಬ್ಬರ್ನೂ ಇಳಿಸ್ತೀನಿ!"

"ಭದ್ರಾವತಿ ಕೈ ಅಂದ್ರೆ?" ಅಪ್ಪ ಕೇಳಿದ.

"ಅಯ್ಯೋ ಅದೊಂದು ತಮಾಷೆ ಮಾವ, ನಿಮಗೆ ಗೊತ್ತಿಲ್ವಾ?" ಮಲ್ಲಿಕ್ ಯಾವ ಕೆಟ್ಟತನವೂ ಇಲ್ಲದೆ, ಮನೆಯ ಒಂದು ಹಳೆಯ ಸೊತ್ತನ್ನು ಅತಿಥಿಗೆ ತೋರಿಸುವವನ ಹಾಗೆ, ಹಿಡಿಕೆ ಕಿತ್ತುಬಂದ ಕತೆಯನ್ನು ಮೊದಲಿನಿಂದ ಹೇಳಿದ. ಮಡಿಲಲ್ಲಿ ಬಚ್ಚಿಟ್ಟುಕೊಂಡದ್ದನ್ನೂ ಬಿಡಲಿಲ್ಲ. "ಇವತ್ತಿಗೂ ಏನು ಮುರಿದ್ರೂ ಅದೇ ಮಾತು. ಇವಳೇ ಮೊದಲು ಹೇಳ್ತಾಳೆ."

"ಇವತ್ತಿಗೂನಾ," ಅಂದ ಅಪ್ಪ.

ಅವಳು ಆಗ ಮುಖವೆತ್ತಿ ನೋಡಿದಳು. ಅಪ್ಪ ತನ್ನ ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ನೋಡುತ್ತಿದ್ದ. ಗಂಡಸಿನ ಕೈಯಂತಿಲ್ಲದ, ಸಣ್ಣ ಮಣಿಕಟ್ಟಿನ ಕೈ. ಬೇರೆಯವರ ಕೈ ಹೋಗದ ಜಾಗಕ್ಕೆ ಹೋಗುತ್ತದೆಂದು ಕಾರ್ಖಾನೆಯಲ್ಲಿ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರಂತೆ. ಎರಡು ಬೆರಳ ತುದಿ ಕಪ್ಪಾಗಿತ್ತು. ಕುರ್ಚಿಗೆ ತಾಗದಂತೆ ಅವನ್ನು ಎತ್ತಿಯೇ ಹಿಡಿದಿದ್ದ.

ಹಾಲೇಶ್ ಬಂದು ಹಾರನ್ ಹೊಡೆದಾಗ ಅಪ್ಪ ಎದ್ದ. ಅವಳು ಕೈಯನ್ನು ಕಿಂಡಿಯಿಂದ ಎಳೆದುಕೊಂಡು, ತಗಡಿನ ಅಂಚಿಗೆ ಚರ್ಮ ತರಚಿದ್ದನ್ನೂ ಲೆಕ್ಕಿಸದೆ, ಗೇಟಿನವರೆಗೆ ಹೋದಳು. "ಸೋಪು ಕೊಡ್ತೀನಿ ತಾಳಪ್ಪ, ಕೈ ತೊಳ್ಕೊ." ಅಷ್ಟಾದರೂ ಬಾಯಿಂದ ಬಂತು.

"ಬಿಡು ಮಗಾ. ಇದು ಸೋಪಿಗೆ ಹೋಗೋದಲ್ಲ." ಪಂಚೆಯ ಒಳಮಡಿಕೆಯಲ್ಲಿ, ಹೊರಗೆ ಕಾಣದಂತೆ, ಬೆರಳು ಒರೆಸಿಕೊಂಡ. ಬೈಕಿನ ಮೇಲೆ ಕೂತು, ಹಾಲೇಶನ ಭುಜ ಹಿಡಿದುಕೊಂಡು, ಕಪ್ಪು ಕನ್ನಡಕ ಹಾಕಿಕೊಂಡ ಮೇಲೆ, ಬೇರೆಲ್ಲೋ ನೋಡುತ್ತ ಅಂದ. "ಹಿಂದಿನ ಬಾಗಿಲಿಗೆ ಜಾಸ್ತಿ ತುಂಬಿರ್ಬೇಕು. ನೋಡ್ಕೊಂಡು ತೆಗಿ. ಕೈ ಕೊಯ್ದುಕೊಳ್ತೀಯ."

ಮಲ್ಲಿಕ್ ಊಟಕ್ಕೆ ಮೊದಲು ಅಂಗಡಿಯ ಕಡೆ ಒಂದು ಸುತ್ತು ಹಾಕಿ ಬರುತ್ತೇನೆಂದು ಹೊರಟ. ಹೋಗುವ ಮುಂಚೆ ಮೂರನೆಯ ಗಾಜನ್ನು ಇಳಿಸಿ, ಏರಿಸಿ, ಮತ್ತೆ ಇಳಿಸಿ, ಅವಳ ಬೆನ್ನು ತಟ್ಟಿದ. "ಅದೊಂದು ಉಳೀತು. ಮುಗಿಸಿಬಿಡು. ಅಕ್ಕನ ಜಾಗ ಅದು, ಆಮೇಲೆ ಅವಳ ಬಾಯಿಗೆ ಸಿಗೋರು ಯಾರು?"

ಎಡಗಡೆಯ ಹಿಂದಿನ ಬಾಗಿಲು. ತಿರುಪುಗಳನ್ನು ಬಿಚ್ಚಿ ರಟ್ಟನ್ನು ತೆಗೆದಳು. ಹಿಡಿಕೆಯನ್ನು ಒಮ್ಮೆ ತಿರುಗಿಸಿ ನೋಡಿದಳು. ಗಾಜು ಎರಡು ಬೆರಳಿನಷ್ಟು ಇಳಿದು, ಯಾರೋ ಒಳಗಿನಿಂದ ಹಿಡಿದುಕೊಂಡ ಹಾಗೆ ನಿಂತಿತು. ಕೈ ಹಾಕಿದಳು. ಅಪ್ಪ ಹೇಳಿದ್ದು ನಿಜ, ಇಲ್ಲಿ ಎಲ್ಲಕ್ಕಿಂತ ಜಾಸ್ತಿ ಇತ್ತು. ಹಿಡಿಕೆ ಕಿತ್ತುಬಂದದ್ದು ಈ ಬಾಗಿಲಿನದಾದ್ದರಿಂದ, ಮತ್ತೆಂದೂ ಹಾಗಾಗದಿರಲೆಂದು, ಡಬ್ಬಿಯಲ್ಲಿ ಉಳಿದದ್ದನ್ನೆಲ್ಲ ಇಲ್ಲಿ ಬಳಿದು ಹಾಕಿದ್ದಿರಬೇಕು. ಪಟ್ಟಿಯ ಉದ್ದಕ್ಕೂ ಬೆರಳು ಎಳೆದುಕೊಂಡು ಹೋದ ಗೆರೆಗಳು ಗಟ್ಟಿಯಾಗಿ ಹಾಗೇ ಉಳಿದಿದ್ದವು. ಒಲೆಯ ಮುಂದೆ ಸಾರಿಸಿದ ಸಗಣಿಯಲ್ಲಿ ಅಮ್ಮನ ಬೆರಳಿನ ಗೆರೆ ಒಣಗಿ ಉಳಿಯುತ್ತಿದ್ದಂತೆ. ಆ ಗೆರೆಗಳ ಮೇಲೆ ತನ್ನ ಬೆರಳುಗಳನ್ನಿಟ್ಟಳು. ಸರಿಯಾಗಿ ಕೂತವು. ಅವಳಿಗೆ ಅಳು ಬರಲಿಲ್ಲ. ಅಳು ಬಂದಿದ್ದರೆ ಒರೆಸಿಕೊಂಡು ಮುಗಿಸಬಹುದಿತ್ತು. ಬಂದದ್ದು ನಾಚಿಕೆ. ಅದಕ್ಕೆ ಒರೆಸಿಕೊಳ್ಳುವ ಜಾಗವಿರಲಿಲ್ಲ.

ಸೀಮೆಎಣ್ಣೆಯ ಬಾಟಲಿ ಪಕ್ಕದಲ್ಲೇ ಇತ್ತು. ಬಟ್ಟೆ ಇತ್ತು. ಸಾಯಂಕಾಲದೊಳಗೆ ಈ ಗೆರೆಗಳು ಇರುವುದಿಲ್ಲ, ಭಾನುವಾರ ಗಾಜು ಬೆಣ್ಣೆಯ ಹಾಗೆ ಇಳಿಯುತ್ತದೆ, ಅತ್ತಿಗೆ ಪರವಾಗಿಲ್ಲವೇ ಅನ್ನುತ್ತಾಳೆ, ಇದನ್ನು ತುಂಬಿದವನು ಕೋಟೆಯ ಮೆಕ್ಯಾನಿಕ್ಕಾಗಿಯೇ ಉಳಿಯುತ್ತಾನೆ. ಅಪ್ಪನೂ ಹಾಗೇ ಉಳಿಯಲೆಂದೇ ಹೇಳಿ ಹೋಗಿದ್ದಾನೆ, ತನ್ನನ್ನೇ ಕಳ್ಳನೆಂದು ಕರೆದುಕೊಂಡು. ಅವನು ಬಿಟ್ಟ ಜಾಗ ಇನ್ನೊಂದು ಸಲ ಎಲ್ಲಿ ಸಿಗುತ್ತದೆ? ಈಗ ಹೋಗಿ ಮಲ್ಲಿಕ್‌ನ ಮುಂದೆ ಹೇಳಿಕೊಂಡರೆ ಅವನು ಅಯ್ಯೋ ಪಾಪ ಅನ್ನುತ್ತಾನೆ, ಬೇಗನೆ ಮರೆಯುತ್ತಾನೆ, ಅವಳಿಗೂ ಹಗುರಾಗಿಬಿಡುತ್ತದೆ. ಅದು ಬೇಡ. ಕೇಳಿದವರ ಮುಂದೆಯೇ, ಅವರು ಕೇಳಿದಾಗಲೇ ಹೇಳಬೇಕಾದ ಮಾತು ಅದು.

ಬೆರಳುಗಳನ್ನು ಗೆರೆಗಳಿಂದ ನಿಧಾನವಾಗಿ ಎತ್ತಿ, ಕೈಯನ್ನು ಹೊರಗೆ ತೆಗೆದಳು. ಗಾಜನ್ನು ಏರಿಸಿದಳು. ಸೀಮೆಎಣ್ಣೆಯ ಬಾಟಲಿಗೆ ಮುಚ್ಚಳ ಹಾಕಿದಳು. ರಟ್ಟನ್ನು ಮತ್ತೆ ಬಾಗಿಲಿಗೆ ಹೊಂದಿಸಿ, ಒಂದೊಂದಾಗಿ ತಿರುಪು ಬಿಗಿಯತೊಡಗಿದಳು. ಭಾನುವಾರ ಪೂಜೆಯಾದ ಮೇಲೆ, ಚಿಕ್ಕಪ್ಪನ ಮನೆಯವರೆಲ್ಲ ಸುತ್ತ ನಿಂತಿರುವಾಗ, ಅತ್ತಿಗೆ ತನ್ನ ಜಾಗದಲ್ಲಿ ಕೂತು ಹಿಡಿಕೆಗೆ ಕೈ ಹಾಕುತ್ತಾಳೆ. ಗಾಜು ಎರಡು ಬೆರಳಿಳಿದು ನಿಲ್ಲುತ್ತದೆ. ಯಾರ ಕೈಯೇ ಇದು ಎಂದು ಅವಳು ಕೇಳದೆ ಇರುವವಳಲ್ಲ. ಆಗ ತಾನು ಮೊದಲು ನಗುವುದಿಲ್ಲ. ಹೇಳಬೇಕಾದ್ದು ಎರಡೇ ಮಾತು. ನಮ್ಮಪ್ಪ ಹಾಕಿದ್ದು. ಬಾಯೊಳಗೇ ಒಮ್ಮೆ ಆಡಿ ನೋಡಿದಳು, ನಾಲಿಗೆಗೆ ಬಿಗಿಯಾಗಿತ್ತು. ಮತ್ತೊಮ್ಮೆ ಆಡಿದಳು.

ಗೇಟಿನ ಸದ್ದಾಯಿತು. "ಆಯ್ತೇನೇ ಅದೊಂದು?" ಮಲ್ಲಿಕ್ ಚಪ್ಪಲಿ ಬಿಡುತ್ತ ಅಲ್ಲಿಂದಲೇ ಕೇಳಿದ.

ಕೊನೆಯ ತಿರುಪನ್ನು ಇನ್ನೊಂದು ಸುತ್ತು ಬಿಗಿದಳು.

"ಆಯ್ತು," ಅಂದಳು.